ಬಾರ್ಲಿ ಅಂದಳೋ, ಬರ್ಲಿ ಅಂದಳೋ

ದುದ್ದದ ದೇವೀರಮ್ಮನ ಮನೆಯಲ್ಲಿ ವರ್ಷದಿಂದ ದಿನಾ ಬಾರ್ಲಿ ಬೇಯುತ್ತಿತ್ತು. ರುಚಿಗಲ್ಲ. ಹಟಕ್ಕೆ.

ಗಂಡ ಮುದ್ದಯ್ಯನಿಗೆ ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು, ಮುದ್ದೆ ಅನ್ನ ಎರಡೂ ಕಮ್ಮಿ ಮಾಡಿ ಬಾರ್ಲಿ ಕೊಡಿ ಎಂದಿದ್ದರು. ನಮ್ಮ ಕಡೆ ಬಾರ್ಲಿ ಎಂದರೆ ಗಂಜಿ. ಗಂಜಿ ಎಂದರೆ ಜ್ವರ ಬಂದವರು, ಇಲ್ಲವೇ ಕಾಲು ಊದಿದ ಬಸುರಿಯರು. ದೇವೀರಮ್ಮ ಮಾತ್ರ ಅದನ್ನು ರಾತ್ರಿಯೇ ನೆನೆಹಾಕಿ, ಅನ್ನದ ಹಾಗೆ ಉದುರಾಗಿ ಬೇಯಿಸಿ, ಮೇಲೆ ಉಪ್ಸಾರು ಹುಯ್ದು ಮುಂದಿಟ್ಟಳು.

"ನಾನೇನ್ ದನವೇನಮ್ಮಿ? ಇದ್ರ ಜೊತ್ಗೆ ಬೂಸಾನೂ ಕಲಸ್ಬುಡು" ಎಂದ ಮುದ್ದಯ್ಯ. ದಿನಾ ಇದೇ ಮಾತು. ದಿನಾ ತಟ್ಟೆ ಖಾಲಿ.

ಅವನು ಹೋದದ್ದು ಎದೆನೋವಿನಿಂದ. ಗದ್ದೆ ಬದುವಿನ ಮೇಲೆ ಕೂತವನು ಏಳಲಿಲ್ಲ. ಆದರೆ ತಿಥಿಯ ದಿನ, ಪಂಕ್ತಿಯಲ್ಲಿ ಎಲ್ಲರೂ ಕೂತಿರುವಾಗ, ಮೈದುನ ಕರಿಯಯ್ಯ ಅಂದುಬಿಟ್ಟ: "ರಾಗಿ ಇಟ್ಟುಂಡ್ ಬೆಳ್ದ ಜೀವ ಕಣ್ರಲಾ. ಬಾರ್ಲಿ ತಿನ್ಸಿ ತಿನ್ಸಿ ಕೊಂದ್ಬುಟ್ಲು ನಮ್ಮತ್ಗೆ."

ದೇವೀರಮ್ಮನ ಅಳು ಅಲ್ಲಿಗೇ ನಿಂತಿತು. ಮಾರನೆಯ ದಿನದಿಂದ ತಾನೇ ಬಾರ್ಲಿ ತಿನ್ನತೊಡಗಿದಳು. ಉಪ್ಪಿಟ್ಟು, ಅವರೆಕಾಳು ಹಾಕಿ ಬಾತು, ಮಜ್ಜಿಗೆ ಹಾಕಿ ಅಂಬಲಿ. "ಸಾಯ್ತೀನಾ, ನೋಡೇ ಬುಡವ" ಎಂದು. ಸಾಯಲಿಲ್ಲ. ಮಂಡಿನೋವೂ ಹೋಗಲಿಲ್ಲ. ಕರಿಯಯ್ಯನ ಜೊತೆ ಮಾತು ಬಿಟ್ಟದ್ದು ಬಿಟ್ಟದ್ದೇ. ಆದರೂ ಒಬ್ಬಳೇ ಉಣ್ಣುವಾಗ ಒಮ್ಮೊಮ್ಮೆ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸುತ್ತಿದ್ದಳು. ಅವನು ಅಂದದ್ದು ನಿಜವಾಗಿದ್ದರೆ?

ಒಂದು ದಿನ ಕರಿಯಯ್ಯನ ಹೆಂಡತಿ ವನಜಾ ಫೋನು ಮಾಡಿದಳು. ಅವಳು ಮಾತು ಬಿಟ್ಟಿರಲಿಲ್ಲ.

"ಅಕ್ಕಾ, ಒಲೆ ಮ್ಯಾಲೆ ಏನಿಟ್ಟಿದ್ದೀಯೆ?"

"ಬಾರ್ಲಿ."

ಅಷ್ಟರಲ್ಲಿ ಕುಕ್ಕರು ಕೂಗಿತು. ವನಜಾ ಮತ್ತೇನೋ ಕೇಳಿದಳು. ಈ ಕಿವುಡಿ ಅದನ್ನೇ ಕೇಳುತ್ತಿದ್ದಾಳೆ ಎಂದುಕೊಂಡ ದೇವೀರಮ್ಮ, "ಬಾರ್ಲಿ, ಬಾರ್ಲಿ ಕಣಮ್ಮ!" ಎಂದು ಕಿರುಚಿ ಫೋನಿಟ್ಟಳು.

ಕುಕ್ಕರು ತಣ್ಣಗಾಗುವ ಮೊದಲೇ ಬಾಗಿಲಲ್ಲಿ ಕರಿಯಯ್ಯ. ಹಿಂದೆ ವನಜಾ, ಕೈಯಲ್ಲಿ ಬಾಳೆಹಣ್ಣು.

"ಅಷ್ಟೊಂದ್ ಕರದ್ಯಲ್ಲ ಅತ್ಗೆ, ಅದುಕ್ಕೇ ಬಂದೆ" ಎಂದ, ನೆಲ ನೋಡುತ್ತ.

"ಯಾರ್ ಕರದ್ರು ನಿನ್ನ?"

"ನೀನೇಯಾ. ಬಸ್‌ಸ್ಟಾಂಡಲ್ಲಿದ್ದೀವಿ, ಇವ್ರೂ ಬರ್ಲಾ ಅಂತ ಇವ್ಳು ಕೇಳುದ್ಲು. ಬರ್ಲಿ, ಬರ್ಲಿ ಕಣಮ್ಮ ಅಂದೆ. ನಾನೇ ಕೇಳುಸ್ಕಂಡೆ."

ದೇವೀರಮ್ಮನಿಗೆ ಹೊಳೆಯಿತು. ಬಂದ ನಗುವನ್ನು ನುಂಗಿಕೊಂಡಳು. ನಿಜ ಹೇಳಿದರೆ ಇವನು ಹಾಗೇ ತಿರುಗಿ ತನ್ನೂರು ಆತಗೂರಿನ ದಾರಿ ಹಿಡಿಯುತ್ತಾನೆ. ತಟ್ಟೆ ಹಾಕಿ ಬಾರ್ಲಿ ಬಡಿಸಿದಳು.

ಕರಿಯಯ್ಯ ತಟ್ಟೆ ನೋಡಿ ಗಾಬರಿಯಾದ. "ಯಾರ್ಗ್ ಉಸಾರಿಲ್ಲ?"

"ಎಲ್ರೂ ಗಟ್ಟಿಯಾಗವ್ರೆ. ತಿನ್ನು. ನಿನ್ನೂ ಕೊಲ್ತೀನಿ."

ವನಜಾಗೆ ಬಿಕ್ಕಳಿಕೆ ಬಂತು. ಕರಿಯಯ್ಯ ಮುದ್ದೆ ನುಂಗಿ ಅಭ್ಯಾಸವಾದವನು. ಮೊದಲ ತುತ್ತನ್ನು ಹಾಗೇ ನುಂಗಲು ಹೋಗಿ ಕೆಮ್ಮಿ ಕಣ್ಣು ಕೆಂಪು ಮಾಡಿಕೊಂಡ.

"ಅಗಿ ಕಣ್ಲಾ! ದವ್ಡೆ ಯಾಕ್ ಕೊಟ್ಟವ್ನೆ ದ್ಯಾವ್ರು?"

ಅಗಿದ. ಇನ್ನೊಂದು ತುತ್ತು ಅಗಿದ. ಖಾಲಿಯಾದ ತಟ್ಟೆ ಮುಂದೆ ತಳ್ಳಿದ. ದೇವೀರಮ್ಮ ಮತ್ತೆ ಬಡಿಸಿದಳು.

"ಅಣ್ಣ ಅಂದಿದ್ದ" ಎಂದ ಕೊನೆಗೆ. "ನಿಮ್ಮತ್ಗೆ ಬಾರ್ಲಿ ಬೇಯ್ಸುದ್ರೆ ಇಟ್ಟೂ ಬ್ಯಾಡ ಅನ್ಸ್ತದೆ ಕಣ್ಲಾ ಅಂತ. ಎಡ್ತಿಗ್ ಎದುರ್ಕಂಡು ಅಂಗಂತಾನೆ ಅಂದ್ಕಂಡಿದ್ದೆ. ತಿಥಿ ದಿನ ನನ್ ನಾಲ್ಗೆ ಬಿದ್ದೋಗ, ಏನೇನೋ ಅಂದ್ಬುಟ್ಟೆ."

ದೇವೀರಮ್ಮನ ಕೈಯ ಸೌಟು ನಿಂತಿತು.

"ಅಂಗಂದಿದ್ನಾ? ನನ್ ಮುಂದೆ ಒಂದ್ ದಿನ ಅನ್ನುಲಿಲ್ವಲ್ಲಾ, ಮುಂಡೇದು!"

ಬೈಯುತ್ತಲೇ ಅತ್ತಳು. ತಿಥಿಯ ದಿನ ನಿಂತದ್ದೆಲ್ಲ ಆಗ ಬಂತು. ವನಜಾ ಬಾಳೆಹಣ್ಣು ಸುಲಿದು ಕೈಗಿಟ್ಟಳು. ಅಳುತ್ತಲೇ ತಿಂದಳು.

ಹೊರಡುವಾಗ ಚಪ್ಪಲಿ ಮೆಟ್ಟುತ್ತ ಕರಿಯಯ್ಯ ಕೇಳಿದ: "ನಿಜ ಯೋಳತ್ಗೆ. ಫೋನಲ್ಲಿ ಬರ್ಲಿ ಅಂದ್ಯೋ, ಬಾರ್ಲಿ ಅಂದ್ಯೋ?"

"ಬಾರ್ಲಿ ಅಂದೆ."

ಅವನ ಮುಖ ಸಣ್ಣಗಾಯಿತು.

"ಈಗ ಬರ್ಲಿ ಅಂತಿವ್ನಿ" ಎಂದಳು ದೇವೀರಮ್ಮ. "ಬುಧವಾರ ಬಾ. ಬರೋವಷ್ಟ್ರಲ್ಲಿ ಅಗಿಯಾದ್ ಕಲ್ತ್ಕೊ."