ಅರ್ಧ ರಸ್ತೆ ನನ್ನದು

ನನ್ನ ಬಾಯಿ ಜೋರು. ಮುಕ್ಕುಂದದ ಕಡೆ ಗಾಡಿ ಓಡಿಸುವವರಿಗೆಲ್ಲ ಅದು ಗೊತ್ತು. ಸುಗ್ಗಿ ಬಂತೆಂದರೆ ಆ ರಸ್ತೆಯಲ್ಲಿ ಅರ್ಧ ನನ್ನದು. ಹಸಿ ಭತ್ತ, ನಮ್ಮ ಬಾಯಲ್ಲಿ ನೆಲ್ಲು, ಉದ್ದಕ್ಕೂ ಹರವಿ, ಅಂಚಿಗೆ ಕಲ್ಲಿಟ್ಟು, ಕೋಲು ಹಿಡಿದು ಕೂರುತ್ತಿದ್ದೆ. ಕಾಳಿನ ಮೇಲೆ ಗಾಲಿ ಹಾಯಿಸಿದವರ ಜನ್ಮ ಜಾಲಾಡಿಬಿಡುತ್ತಿದ್ದೆ. ಇಲ್ಲಿ ಎಲ್ಲರೂ ಒಣಗಿಸುವುದು ಹಾಗೆಯೇ. ಡಾಂಬರು ಕಾದರೆ ಎರಡೇ ದಿನದ ಕೆಲಸ.

ಕಾಳಿಗೆ ಇಲಿ ಬರುತ್ತಿತ್ತು, ಇಲಿಗೆ ಕೇರೆ ಹಾವು ಬರುತ್ತಿತ್ತು. ಕಂಡಿದ್ದೆ, ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಒಂದು ಬೆಳಿಗ್ಗೆ ನಮ್ಮ ಹೊಲ ಉಳುವ ಟ್ರ್ಯಾಕ್ಟರಿನ ಭಾಯ್ ಎದುರಿಗೆ ಬಂದ. ನಾನು ಕೋಲೆತ್ತಿ ಕೂಗಿದೆ. ಅವನು ನನ್ನ ಭತ್ತ ತಪ್ಪಿಸಿ ಆಚೆ ಬದಿಗೆ ಎಳೆದುಕೊಂಡ. ಗಾಲಿಗೆ ಮಾರುದ್ದದ ಕೇರೆ ಸಿಕ್ಕಿತು. ನಾಗರವಾಗಿದ್ದರೆ ಹಾಲು ತುಪ್ಪ ಬಿಟ್ಟು, ಸುಟ್ಟು, ಕೈ ಮುಗಿಯುತ್ತಿದ್ದೆವು. ಕೇರೆಗೆ ಯಾರು ಅಳುತ್ತಾರೆ? ಕೋಲಿನಿಂದ ಎತ್ತಿ ಕಾಲುವೆಯ ದಂಡೆಗೆ ಎಸೆದೆ. ಆ ವಾರದಲ್ಲೇ ಗಾಲಿಗೆ ಸಿಕ್ಕ ಇನ್ನೂ ಮೂರು ಎಸೆದೆ.

ಮುಂದಿನ ಬೆಳೆಗೆ ಇಲಿಗಳು ಹೊಲಕ್ಕೆ ನುಗ್ಗಿದವು. ಬದುವಿನ ತುಂಬ ಬಿಲ. ತೆನೆ ಕಟ್ಟುವ ಹೊತ್ತಿಗೆ ನಡುಹೊಲದ ಪೈರು ಕುಡುಗೋಲು ಹಾಕಿದಂತೆ ಮಲಗಿತ್ತು. ಔಷಧಿ ಇಟ್ಟೆ, ಬೋನು ಇಟ್ಟೆ; ಸಾಯುವುದಕ್ಕಿಂತ ಹುಟ್ಟುವುದೇ ಹೆಚ್ಚಾಯಿತು. ನಮ್ಮ ಮನೆಗೆ ವರ್ಷದ ಊಟವೆಂದರೆ ಆ ಎರಡು ಎಕರೆಯೇ. ಬದುವಿನ ಮೇಲೆ ಕುಳಿತು ಅತ್ತೆ. ಆ ದಾರಿಯಲ್ಲಿ ಬಂದ ಭಾಯ್ ಮೇಲೂ ಹರಿಹಾಯ್ದೆ, ಊರಿನ ಇಲಿಯೆಲ್ಲ ನನ್ನ ಹೊಲಕ್ಕೇ ಯಾಕೆ ಬರಬೇಕು ಎಂದು.

ಅವನು ಹೇಳಿದ: “ಅಕ್ಕಾ, ಅವತ್ತ ಹಾವು ನನಗ ಕಂಡಿತ್ರಿ. ನಿಮ್ಮ ನೆಲ್ಲಿನ ಮ್ಯಾಲ ಹಾಯಿಸಿದ್ರ ಅದು ಉಳೀತಿತ್ತು. ನಿಮ್ಮ ಬಾಯಿಗಂಜಿ ಅದರ ಮ್ಯಾಲ ಹಾಯಿಸೀನ್ರಿ.”

ಆ ಕೇರೆಗಳು ನನ್ನ ಹೊಲದ ಪಹರೆ ಕಾಯುತ್ತಿದ್ದವು. ಅವನ್ನು ರಸ್ತೆಗೆ ಕರೆದು ಕೊಲ್ಲಿಸಿದವಳು ನಾನೇ.

ಭಾಯ್ ಅಷ್ಟಕ್ಕೇ ಬಿಡಲಿಲ್ಲ. ಸುಗ್ಗಿಗೆ ತನ್ನ ಮನೆ ಮುಂದಿನ ಬಯಲು ಗುಡಿಸಿ ತಾಡಪತ್ರಿ ಹಾಸಿಕೊಟ್ಟ. ಅಳಿದುಳಿದ ಭತ್ತ ಅಲ್ಲೇ ಒಣಗಿತು. ಅವನ ಹೆಂಡತಿ ನನ್ನ ಜೊತೆ ಕಾಲಲ್ಲಿ ಕಾಳು ತಿರುವಿದಳು, ಚಹಾ ಕೊಟ್ಟಳು. ನಾಲ್ಕು ದಿನ ಹಿಡಿಯಿತು, ಹಿಡಿಯಲಿ. ಅಂದಿನಿಂದ ಸುಗ್ಗಿಗೆಲ್ಲ ಅದೇ ಬಯಲು. ಆ ಗಂಡಹೆಂಡತಿಯನ್ನು ನೆನೆಯದೆ ನಾನು ಅನ್ನಕ್ಕೆ ಕೈ ಹಾಕುವುದಿಲ್ಲ.

ಈ ಸಲ ಇಲಿ ಪೂರ್ತಿ ಹೋಗಿರಲಿಲ್ಲ, ಆದರೆ ಪೈರು ನಿಂತಿತ್ತು. ಬದುವಿನಲ್ಲಿ ಕೇರೆಯ ಪೊರೆ ಸಿಕ್ಕಿತು. ಮೊನ್ನೆ ಭಾಯ್ ಟ್ರ್ಯಾಕ್ಟರಿನಲ್ಲಿ ಭತ್ತದ ಚೀಲ ಹೇರಿಕೊಂಡು ಸಿಂಧನೂರಿಗೆ ಹೊರಟಾಗ ದಾರಿಗೆ ಅಡ್ಡವಾಗಿ ಒಂದು ಕೇರೆ. ಭಾಯ್ ವೇಗ ಇಳಿಸಿ ನನ್ನ ಮುಖ ನೋಡಿದ.

“ಈ ಕಡಿಂದ ಹಾಯಿಸು ಭಾಯ್, ಖಾಲಿ ಐತಿ” ಎಂದೆ.

ಹಿಂದೆ ನನ್ನ ಭತ್ತ ಇರುತ್ತಿದ್ದ ಬದಿಗೆ ಅವನು ಗಾಲಿ ತಿರುಗಿಸಿದ.