ನೀಲಿ ತಟ್ಟೆಯಲ್ಲಿ ಅಮ್ಮನ ಎಡೆ

ನನ್ನ ಹುಚ್ಚು ಹಳೆಯ ನೀಲಿ ಪಿಂಗಾಣಿ ತಟ್ಟೆಗಳದ್ದು. ಇಂಗ್ಲೆಂಡಿನಲ್ಲೇ ಮಾಡಿ, ಅಮೆರಿಕದ ನದಿ, ಸೇತುವೆ, ಹಡಗುಗಳ ಚಿತ್ರ ಅಚ್ಚೊತ್ತಿ, ಅಲ್ಲಿಯವರಿಗೆಂದೇ ಸಾಗಿಸಿದವು. ಇನ್ನೂರು ವರ್ಷ ಯಾರ್ಯಾರದೋ ಊಟ ಹೊತ್ತು ಈಗ ಒಂದೊಂದಾಗಿ ಇಂಗ್ಲೆಂಡಿಗೇ ಮರಳುತ್ತಿವೆ. ಇಲ್ಲಿ ಪಿನ್ನರ್‌ನ ನಮ್ಮ ಮನೆಯ ಗೋಡೆಯಲ್ಲಿ ಹನ್ನೊಂದಿವೆ. ಊರವರ ಎಂಜಲು ತಟ್ಟೆಗಳನ್ನು ದೇವರ ಪಟದ ಹಾಗೆ ತೂಗುಹಾಕಿದ್ದೀಯಲ್ಲ ಎಂದು ಗಂಡ ಛೇಡಿಸುತ್ತಾರೆ.

ಹನ್ನೊಂದನೆಯದನ್ನು ನೋಡಲು ಮಾತ್ರ ನನಗೇ ಆಗುವುದಿಲ್ಲ. ಕುಂದಾಪುರದಲ್ಲಿ ಅಮ್ಮ ಹಾಸಿಗೆ ಹಿಡಿದಾಗ, ರಜೆ ಸಿಗಲಿಲ್ಲವೆಂದು ಫೋನಿನಲ್ಲಿ ಹೇಳಿ, ಅಕ್ಸ್‌ಬ್ರಿಡ್ಜ್‌ನ ಹರಾಜಿಗೆ ಹೋಗಿ ಅದನ್ನು ತಂದೆ. ನಾನು ಊರು ಮುಟ್ಟುವಷ್ಟರಲ್ಲಿ ಅಮ್ಮ ಇರಲಿಲ್ಲ.

ತಿಥಿಯನ್ನು ಊರಿನಲ್ಲಿ ಅಣ್ಣ ಮಾಡುತ್ತಾನೆ. ಇಲ್ಲಿ ನಾನು ಹಿತ್ತಲಲ್ಲಿ ಕಾಗೆಗೊಂದು ಎಡೆ ಇಡುತ್ತೇನೆ. ಕಾಗೆ ಮುಟ್ಟಿದರೆ ಸತ್ತವರಿಗೆ ತೃಪ್ತಿ. ಈ ವರ್ಷ ಗ್ರೀನ್‌ಫರ್ಡ್‌ನ ಅಂಗಡಿಯಲ್ಲಿ ಬಾಳೆಎಲೆ ಸಿಗಲಿಲ್ಲ. ತಪ್ಪು ಕಾಣಿಕೆಯಾಗಲಿ ಎಂದು ಆ ತಟ್ಟೆಯನ್ನೇ ತೆಗೆದು, ಉಜ್ಜಿ ತೊಳೆದು, ಬಿಸಿ ಅನ್ನ ಬಡಿಸಿ ಹಿತ್ತಲಲ್ಲಿಟ್ಟೆ.

ಸ್ವಲ್ಪ ಹೊತ್ತಿಗೆ ಅನ್ನದ ಅಂಚಿನಲ್ಲಿ ಕಂದು ಜಿಡ್ಡು ಒಸರತೊಡಗಿತು. ಪಿಂಗಾಣಿಯ ಬಿರುಕುಗಳಲ್ಲಿ ಕುಳಿತ ಹಳೆಯ ಕೊಬ್ಬು ಬಿಸಿ ತಾಗಿದರೆ ಕರಗಿ ಮೇಲೆ ಬರುತ್ತದೆಂದು ಓದಿದ್ದೆ, ಕಂಡಿರಲಿಲ್ಲ. ಮಾಂಸದ ಹಳಸಲು ವಾಸನೆ. ಮೊಟ್ಟೆಯನ್ನೂ ಮುಟ್ಟದ ಅಮ್ಮನ ಎಡೆಗೆ ಯಾರೋ ಕೈ ಹಾಕಿದಂತಾಯಿತು. ಕೆಟ್ಟ ಮೇಲೆ ಬುದ್ಧಿ ಬರುವುದು ನನಗೆ ಹೊಸದೇನಲ್ಲ.

ಸ್ಟೀಲ್ ತಟ್ಟೆಯಲ್ಲಿ ಬೇರೆ ಎಡೆ ಬಡಿಸಿ, ನೀಲಿಯದನ್ನು ಪಕ್ಕಕ್ಕೆ ಸರಿಸಿದೆ. ಕಾಗೆ ಬಂತು. ಅಮ್ಮನ ಎಡೆಯನ್ನು ದಾಟಿಹೋಗಿ ನೀಲಿ ತಟ್ಟೆಯ ಅನ್ನವನ್ನೆಲ್ಲ ತಿಂದು, ಬೇಲಿಯ ಮೇಲೆ ಕುಳಿತು ನನ್ನನ್ನೇ ನೋಡಿತು. ಕೊಬ್ಬಿನ ವಾಸನೆಗೆ ಬಂದಿದ್ದೀತು ಎಂದುಕೊಂಡರೂ ನಂಬಲಾಗಲಿಲ್ಲ. ಆ ತಟ್ಟೆಯಲ್ಲಿ ಹಿಂದೆ ಉಂಡವರು ತಮ್ಮ ಪಾಲು ತೆಗೆದುಕೊಂಡಿದ್ದರು. ಅಮ್ಮ ಮುಟ್ಟಿರಲಿಲ್ಲ.

ಕಾಗೆ ಮುಟ್ಟದಿದ್ದರೆ, ಸತ್ತವರ ಮನಸ್ಸಿನಲ್ಲಿ ಉಳಿದಿರಬಹುದಾದದ್ದನ್ನು ಊಹಿಸಿ ಗಟ್ಟಿಯಾಗಿ ಹೇಳುವುದು ನಮ್ಮ ಮನೆಯ ಕ್ರಮ. ಊಹಿಸುವ ಕಷ್ಟ ನನಗಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಗಂಡನಿಗೂ ತಿಳಿಯದ ಮಾತನ್ನು ಅವರೆದುರೇ ಹೇಳಿದೆ.

“ಅಮ್ಮಾ, ಆಗ ನಂಗೆ ರಜೆ ಸಿಕ್ಕಿತ್ತ್. ನಾನ್ ನಿಂಗೆ ಸುಳ್ ಹೇಳ್ದೆ.”

ಗಂಡ ನನ್ನ ಮುಖ ನೋಡಿ ಒಳಗೆ ಹೋದರು. ನಾನು ಮೆಟ್ಟಿಲ ಮೇಲೆ ಕುಳಿತು ಕಾದೆ. ಕಾಗೆ ಸಂಜೆಯವರೆಗೂ ಬೇಲಿ ಬಿಟ್ಟು ಇಳಿಯಲಿಲ್ಲ.