ಹಗ್ಗ ಹಿಡಿದವರ ಮುಂದೆ ‘ಬಿಡ್ರಿ’ ಅನ್ನಬಾರದು

ನಿನ್ನೆ ಬೆಟಗೇರಿಯ ಅಂಗಡಿಯೊಂದಕ್ಕೆ ತಾಡಪತ್ರಿ, ಅಂದರೆ ಟಾರ್ಪಾಲು, ಕೊಳ್ಳಲು ಹೋಗಿದ್ದೆ. ಹೊಸ ತಾಡಪತ್ರಿಯ ವಾಸನೆ ನಿಮಗೂ ಗೊತ್ತಿರಬೇಕು. ಮೇಣ, ಸೀಮೆಎಣ್ಣೆ, ಗೋಣಿಚೀಲ ಎಲ್ಲ ಬೆರೆತಂಥದ್ದು. ಕೆಲವರಿಗೆ ತಲೆನೋವು ಬರುತ್ತದಂತೆ. ನನಗೋ, ಅದು ಮೂಗಿಗೆ ಬಡಿದರೆ ಸಾಕು, ಎಲ್ಲಿಲ್ಲದ ಹುರುಪು! ಅಂಗಡಿಯವರು ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ತಾವು ಜಗ್ಗಿ ತೋರಿಸುತ್ತ, “ಎಂಥಾ ಗಾಳಿಗೂ ಹರಿಯಂಗಿಲ್ಲ ಬಿಡ್ರಿ,” ಅಂದರು. ನಾನು ತುದಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದೆ. ಅವರು ತಮ್ಮ ತುದಿ ಮಡಚುತ್ತ ಹತ್ತಿರ ಬಂದರೂ ನನ್ನ ಮುಷ್ಟಿ ಸಡಿಲವಾಗಲೊಲ್ಲದು. “ಖರೇನ ಬಿಡ್ರಿ ಸರ, ಮಡಚಬೇಕು,” ಅಂದಾಗ ನಗು ತಡೆಯಲಾಗಲಿಲ್ಲ. ಅಂಗಡಿ ತುಂಬ ಗಿರಾಕಿಗಳು, ಅವರಿಗೆ ಎಲ್ಲಿಂದ ಹೇಳಲಿ? ನೀವು ಕೂತಿದ್ದೀರಿ, ನಿಮಗೆ ಹೇಳುತ್ತೇನೆ.

ಗದಗು ಹೊಸದಾಗಿ ಜಿಲ್ಲೆಯಾದ ದಿನಗಳು. ಕಾಗದಪತ್ರದ ಕೆಲಸಕ್ಕೆ ಧಾರವಾಡದವರೆಗೆ ಹೋಗಿಬರುತ್ತಿದ್ದ ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಮಂದಿ ಗದಗಿನಲ್ಲೇ ಬಸ್ ಇಳಿಯತೊಡಗಿದ್ದರು. ಕಚೇರಿಗಳು ಒಂದೊಂದು ಕಡೆ, ಬೋರ್ಡುಗಳ ಬಣ್ಣ ಇನ್ನೂ ಹಸಿ. ಮುಳಗುಂದದಲ್ಲಿದ್ದ ನಮ್ಮ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಒಮ್ಮೆ ಹೊಲದ ಯಾವುದೋ ಉತಾರಕ್ಕೆಂದು ಹೋಗಿ ಬಂದವಳೇ ಚಪ್ಪಲಿ ಬಿಡುವ ಮೊದಲೇ ಘೋಷಿಸಿದಳು: “ಸಾಹೇಬ್ರು ಊಟಕ್ಕ ಹೋಗ್ಯಾರ ಅಂತ ಮಂದಿ ಬಿಸಲಾಗ ನಿಂತಾರ. ಸಾಹೇಬ್ರು ಉಂಡು ಬರ್ತಾರ, ಖರೆ. ನಿಂತ ಮಂದಿ ಏನ್ ತಿನಬೇಕು? ನಾ ಅಲ್ಲಿ ಮಿರ್ಚಿ, ಗಿರ್ಮಿಟ್ ಮಾಡಿ ಮಾರ್ತೀನಿ.”

ಹಿತ್ತಲಿನಲ್ಲಿ ಕಾಕಾನ ಟ್ರ್ಯಾಕ್ಟರಿನ ಹಳೆಯ ಟ್ರೇಲರ್ ಇತ್ತು. ಚಿಗವ್ವ ಅದರ ಮೇಲೆ ತಗಡಿನ ಕೋಣೆ ಕಟ್ಟಿಸಿ, ಒಂದು ಬದಿಗೆ ಕಿಟಕಿ ತೆಗೆಸಿದಳು. ಕಿಟಕಿಯ ಮುಂದೆ ಗಿರಾಕಿಗಳಿಗೆ ನೆರಳಾಗಲೆಂದು ತಾಡಪತ್ರಿಯ ಮಾಡು, ಹಿಂದಿನ ಅಂಚು ಗಾಡಿಯ ಮೇಲಿನ ಪೈಪಿಗೆ, ಮುಂದಿನದು ಎರಡು ಕೋಲುಗಳ ಮೇಲೆ. ಅದನ್ನು ಕಟ್ಟಿದವನು ಕಾಕಾ. ಕಟ್ಟಿದ ಅನ್ನುವುದು ಗೌರವದ ಮಾತು. ಬನಿಯನ್ ಒಣಹಾಕಿದಂತೆ ಇಳಿಬಿಟ್ಟಿದ್ದ. ನಮ್ಮ ಕಡೆಯ ಆಷಾಢದ ಗಾಳಿ ನಿಮಗೆ ಗೊತ್ತಲ್ಲ, ಮಾತಾಡುತ್ತಿದ್ದರೆ ಬಾಯೊಳಗಿನ ಮಾತನ್ನೇ ಕಸಿದುಕೊಂಡು ಹೋಗುತ್ತದೆ. ಮೊದಲ ಬೀಸಿಗೇ ತಾಡಪತ್ರಿ ಪೈಪಿನಿಂದ ಕಿತ್ತುಕೊಂಡು ಹೋಗಿ ಪಕ್ಕದ ಮನೆಯ ಬೇವಿನ ಗಿಡದ ಮೇಲೆ ಕೂತಿತು.

ಕಾಕಾನಿಗೆ ಮೊದಲಿನಿಂದಲೂ ಈ ಉದ್ಯೋಗ ಮನಸ್ಸಿಗೆ ಬಂದಿರಲಿಲ್ಲ. ಗಿಡದ ಕಡೆ ನೋಡಿ ಅಂದ: “ನಾಳಿ ಸಂಜೀತನಕ ನೋಡ್ತೀನಿ. ಮಾಡು ನಿಂತರ ಗಾಡಿ ನಿಂದು. ಬಿತ್ತೋ, ತಗಡು ಬಿಚ್ಚಿಸಿ ಟ್ರೇಲರ್ ಹೊಲಕ್ಕ ಒಯ್ತೀನಿ.”

“ಹಂಗಂದ್ರ ಹಂಗ,” ಅಂದಳು ಚಿಗವ್ವ. ದನಿ ಜೋರಾಗಿಯೇ ಇತ್ತು. ಆದರೆ ಒಳಗೊಳಗೇ ಅವಳು ಹೆದರಿದ್ದಳು. ಅಷ್ಟು ವರ್ಷಗಳಲ್ಲಿ ತನಗೆ ಅಂತ ಅವಳು ಕೇಳಿದ್ದು ಅದೊಂದೇ.

ಮರುದಿನ ಹುಸೇನಣ್ಣ ಬಂದರು. ನಮ್ಮ ಓಣಿಯಲ್ಲಿ ಗಾಡಿಗಳಿಗೆ ತಾಡಪತ್ರಿ ಹೊಲಿಯುತ್ತಿದ್ದವರು ಅವರು. ಹರಿದಲ್ಲೆಲ್ಲ ದಪ್ಪ ದಾರ ಹಾಕಿ ಹೊಲಿದರು. ಕೈ ಬಲು ಚಲೋ. ಬಾಯಿಯದೇ ತಾಪತ್ರಯ, ಯಾವ ಮಾತು ಶುರು ಮಾಡಿದರೂ ‘ಬಿಡ್ರಿ’ಗೇ ಮುಗಿಯುತ್ತಿತ್ತು. ನಮ್ಮ ಕಡೆ ಆ ಪದಕ್ಕೆ ಬಿಡುವುದು ಎಂಬ ಅರ್ಥ ಉಳಿದಿರುವುದೇ ಕಡಿಮೆ. ಹುಡುಗ ಭಾಳ ಶಾಣ್ಯಾ ಅದಾನ ಬಿಡ್ರಿ. ಮಳಿ ಬರ್ತೈತಿ ಬಿಡ್ರಿ. ಬಿಡುವುದೂ ಇಲ್ಲ, ಹಿಡಿಯುವುದೂ ಇಲ್ಲ, ಮಾತಿಗೊಂದು ಗಂಟು ಹಾಕಿದಂತೆ ಅಷ್ಟೇ.

ಒಂದು ಮೂಲೆಯ ಹಗ್ಗ ಚಿಗವ್ವನ ಕೈಯಲ್ಲಿ, ಇನ್ನೊಂದು ಮೂಲೆಯದು ಕಾಲೇಜು ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನ ಕೈಯಲ್ಲಿ. ಹುಸೇನಣ್ಣ ನಡುವೆ. ಕಾಕಾ ಬಟ್ಟಲು ಹಿಡಿದು ಚಹಾ ಹೀರುತ್ತ ಪರೀಕ್ಷೆ ಮಾಡಲು ಬಂದವನಂತೆ ಸರಿಯಾಗಿ ಮಾಡಿನ ಕೆಳಗೇ ನಿಂತಿದ್ದ. ಜಗ್ಗಿದೆವು, ಜಗ್ಗಿದೆವು. ಗಾಳಿ ತುಂಬಿ ತಾಡಪತ್ರಿ ಉಬ್ಬಿತು. ಆಹಾ! “ಬಿಗಿ ಆತೇನ್ರಿ?” ಎಂದು ಚಿಗವ್ವ ಕೂಗಿದಳು.

“ಆತು ಬಿಡ್ರಿ!” ಅಂದರು ಹುಸೇನಣ್ಣ.

ಬಿಟ್ಟೆವು. ನಾನೂ ಬಿಟ್ಟೆ, ಚಿಗವ್ವನೂ ಬಿಟ್ಟಳು. ಜೀವಮಾನವೆಲ್ಲ ಕೇಳಿದ ಪದ, ಅವತ್ತು ಹಗ್ಗ ಕೈಯಲ್ಲಿದ್ದದ್ದಕ್ಕೋ ಏನೋ, ಇಬ್ಬರಿಗೂ ಅದರ ಹಳೆಯ ಅರ್ಥವೇ ಕೇಳಿಸಿತು. ಕೋಲು ಎರಡೂ ಉರುಳಿದವು, ಕಾಕಾ ತಾಡಪತ್ರಿಯೊಳಗೆ ಮಾಯವಾದ. ಒಳಗಿನಿಂದ, “ನನ್ನ ಚಹಾ!” ಎಂಬ ಕೂಗು. ಪುಣ್ಯಕ್ಕೆ ಕೋಲು ಅವನ ಪಕ್ಕಕ್ಕೆ ಬಿದ್ದಿದ್ದವು. ಹೊರಗೆ ಬಂದವನು ಅಂಗಿ ಝಾಡಿಸಿಕೊಂಡು, “ಸಂಜಿ ಆಗಾಕ ಬಂತು ನೋಡ್ರಿ,” ಎಂದಷ್ಟೇ ಹೇಳಿ ಕಟ್ಟೆಯ ಮೇಲೆ ಕೂತ.

ಆಗ ಎದ್ದಳು ನೋಡಿ ನಮ್ಮ ಚಿಗವ್ವ, ಸೆರಗು ಸಿಕ್ಕಿಸಿಕೊಂಡು! “ಹಗ್ಗ ಕೈಯಾಗ ಇರೋತನಕ ಆ ಸುಡುಗಾಡು ಮಾತು ಯಾರ ಬಾಯಾಗೂ ಬರಬಾರದು. ಮಾಡಿನ ಕೆಳಗ ಯಾರೂ ನಿಂದ್ರಬಾರದು. ಗಾಲಿಗೆ ಕಲ್ಲು ಕೊಡ್ರಿ ಮೊದಲ, ಗಾಡಿನ ಅಳ್ಳಾಡಿದರ ಮಾಡು ಹೆಂಗ ನಿಂತೀತು?”

ಕಲ್ಲು ಕೊಟ್ಟೆವು. ಗಾಡಿಯ ಕಡೆಯ ಅಂಚನ್ನು ಪೈಪಿಗೆ ನಡುವಿನಿಂದ ಶುರುಮಾಡಿ ತುದಿಯವರೆಗೆ ಕಟ್ಟಿದೆವು. ಮಳೆನೀರು ಹರಿದುಹೋಗಲೆಂದು ಮುಂದಿನ ಕೋಲುಗಳನ್ನು ತುಸು ಗಿಡ್ಡ ಮಾಡಿದೆವು. ಗೂಟಗಳನ್ನು ಹೊರಮುಖವಾಗಿ ಓರೆ ಬಡಿದೆವು. ಒಂದೇ ಮೂಲೆ ಜಗ್ಗಿದರೆ ಹಗ್ಗ ಪೋಣಿಸಿದ ಹಿತ್ತಾಳೆ ಬಳೆ ಕಿತ್ತು ಬರುತ್ತದೆಂದು ಅತ್ತ ಸ್ವಲ್ಪ, ಇತ್ತ ಸ್ವಲ್ಪ ಜಗ್ಗುತ್ತ ಬಂದೆವು. ಪಾಪ, ಹುಸೇನಣ್ಣನ ಅವಸ್ಥೆ ನೋಡಬೇಕಿತ್ತು! “ಈಗ ಚಲೋ ಬಿಗಿ ಆತು...” ಎಂದು ಬಾಯಿ ತೆರೆದವರು ಹಾಗೇ ನಿಲ್ಲುತ್ತಿದ್ದರು. ಉಳಿದ ಪದ ಗಂಟಲಲ್ಲೇ ನುಂಗುವಾಗ ಕುತ್ತಿಗೆಯ ಗಂಟು ಮೇಲೆ ಕೆಳಗೆ ಆಡುತ್ತಿತ್ತು. ನನಗೆ ನಗು, ಚಿಗವ್ವನ ಕಣ್ಣು ಕೆಂಪು.

ಹಗ್ಗಗಳನ್ನು ಗೂಟಕ್ಕೆ ಬಿಗಿದದ್ದಾಯಿತು. ಅಷ್ಟರಲ್ಲಿ ಬಂತು ಗಾಳಿ, ಓಣಿಯ ಧೂಳನ್ನೆಲ್ಲ ಎಬ್ಬಿಸಿಕೊಂಡು. ತಾಡಪತ್ರಿ ಧಡ್ ಅಂದಿತು, ಕೋಲು ಕಿರುಗುಟ್ಟಿದವು. ನಾವು ಕಟ್ಟಿದ ಹಗ್ಗಗಳನ್ನೇ ಮತ್ತೆ ಹಿಡಿದು ಜೋತುಬಿದ್ದೆವು. ಗಾಳಿ ಹೋಯಿತು. ನಾವು ಹಿಡಿದೇ ಇದ್ದೆವು. ಇನ್ನೊಂದು ಬಂತು, ಅದೂ ಹೋಯಿತು. ಆದರೂ ಯಾರೂ ಕೈ ತೆಗೆಯಲಿಲ್ಲ. ತೆಗೆಯಿರಿ ಅನ್ನುವುದಕ್ಕೆ ಇದ್ದ ಮಾತನ್ನು ಚಿಗವ್ವ ತಾನೇ ಮುಚ್ಚಿ ಹಾಕಿದ್ದಳಲ್ಲ! ಅವಳಿಗೂ ಅದನ್ನು ಆಡುವ ಧೈರ್ಯವಿರಲಿಲ್ಲ.

ಕಾಕಾ ಕಟ್ಟೆಯಿಂದ ಎದ್ದು ಬಂದ. ಗಾಲಿಯ ಕಲ್ಲು ಕಾಲಿನಿಂದ ಒದ್ದು ನೋಡಿದ. ಬಿಗಿದ ಹಗ್ಗವನ್ನು ಬೆರಳಿನಿಂದ ಮೀಟಿದ, ಅದು ಟಣ್ ಅಂದಿತು. ಆಮೇಲೆ ಹೆಂಡತಿಯ ಮುಖ ನೋಡಿದ. ಅವಳು ಎರಡೂ ಕೈಯಲ್ಲಿ ಹಗ್ಗ ಹಿಡಿದು, ತುಟಿ ಕಚ್ಚಿಕೊಂಡು, ಅವನು ಏನನ್ನುತ್ತಾನೋ ಎಂದು ನಿಂತಿದ್ದಳು.

“ಆತು ಬಿಡ್ರಿ,” ಅಂದ ಕಾಕಾ.

ಮೂವರೂ ಕೈಬಿಟ್ಟೆವು. ನಾನು ಕಣ್ಣು ಮುಚ್ಚಿದೆ. ತೆರೆದು ನೋಡಿದರೆ ಮಾಡು ನಿಂತಿತ್ತು! “ಹೋ!” ಎಂದು ಕೂಗಿದ್ದು ನಾನೋ ಹುಸೇನಣ್ಣನೋ ನೆನಪಿಲ್ಲ. ಅವರು ಅಂತೂ ಒಂದೇ ಉಸಿರಿಗೆ, “ಭಾಳ ಚಲೋ ಆತು ಬಿಡ್ರಿ, ಗಟ್ಟಿ ನಿಂತೈತಿ ಬಿಡ್ರಿ, ನಿಮ್ಮ ಧಂದೆ ನಡೀತೈತಿ ಬಿಡ್ರಿ,” ಎಂದು ಅಲ್ಲಿಯವರೆಗೆ ನುಂಗಿದ್ದನ್ನೆಲ್ಲ ಹೊರಗೆ ಹಾಕಿದರು. ಚಿಗವ್ವ ನಗುತ್ತಲೇ ಅತ್ತಳು.

ಇವತ್ತು ಬೆಳಿಗ್ಗೆ ಆ ಹೊಸ ತಾಡಪತ್ರಿ ಒಯ್ದು ಅದೇ ಗಾಡಿಗೆ ಕಟ್ಟಿ ಬಂದೆ. ನಾನು ಹಿಡಿಯುತ್ತಿದ್ದ ಮೂಲೆ ಈಗ ಕಾಕಾನದು. ನನಗೆ ಗೂಟ ಬಡಿಯುವುದಕ್ಕೆ ಬಡ್ತಿ ಸಿಕ್ಕಿದೆ. ಎಲ್ಲ ಕಟ್ಟಿಯಾದ ಮೇಲೂ ಕಾಕಾ ಹಗ್ಗ ಹಿಡಿದೇ ನಿಂತಿದ್ದ. ಗಿರಾಕಿಗಳು ಅವನ ತೋಳಿನ ಕೆಳಗೆ ಬಗ್ಗಿ ಬಂದು ಮಿರ್ಚಿ ಕೇಳತೊಡಗಿದ್ದರು.

“ಕಾಕಾ, ಕಟ್ಟೇವಲ್ಲ, ಬಿಡು,” ಅಂದೆ.

“ನೀ ಅಂದರ ನಡ್ಯಾಂಗಿಲ್ಲಪಾ. ಗಾಡಿ ಯಾರದೈತಿ, ಅವರು ಅನಬೇಕು,” ಎಂದು ಕಿಟಕಿಯ ಕಡೆ ನೋಡಿದ.

ಚಿಗವ್ವ ಎಣ್ಣೆಯಿಂದ ಮಿರ್ಚಿ ತೆಗೆದು, ಒಮ್ಮೆ ಮಾಡನ್ನೂ ಒಮ್ಮೆ ಗಂಡನನ್ನೂ ನೋಡಿ, “ನಿಂದರ್ರಿ ಇನ್ನಷ್ಟು ಹೊತ್ತು,” ಅಂದಳು. “ಚಂದ ಕಾಣಸ್ತೀರಿ.”